ಕಾಸಾರ ಗಲ್ಲಿಯ ಪಾದಗಳು

ಚಪ್ಪಲಿ ಹಾಕಿಕೊಂಡೇ ನಡೆಯಬೇಕು, ಅಷ್ಟೇ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲವೆಂದು ವಾಸುದೇವ ಮುಂಜಾನೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಲ್ಲುಜ್ಜುವಾಗ ಹೇಳಿಕೊಂಡ, ಚಹಾ ಸೋಸುವಾಗ ಹೇಳಿಕೊಂಡ, ಸಂಧ್ಯಾವಂದನೆಯ ನೀರು ಬಿಡುವಾಗಲೂ ಹೇಳಿಕೊಂಡು, ಮಂತ್ರ ಎಲ್ಲಿಗೆ ನಿಂತಿತ್ತೆಂಬುದೇ ಮರೆತು ಮತ್ತೆ ಮೊದಲಿನಿಂದ ಸುರು ಮಾಡಿದ. ಸಂಜೆ ಕಾಸಾರ ಗಲ್ಲಿಯಲ್ಲಿ, ನಗರಸಭೆಯ ಸಾಹೇಬರ ಎದುರು, ಅಂಗಡಿಕಾರರೆಲ್ಲರ ಎದುರು, ತಾನೇ ರಸ್ತೆಯ ಮೇಲೆ ಬರೆದ ಚಿತ್ರದ ಮೇಲೆ, ಕಾಲಲ್ಲಿ ಚಪ್ಪಲಿ ಇದ್ದ ಹಾಗೆಯೇ ಈ ತುದಿಯಿಂದ ಆ ತುದಿಗೆ ನಡೆದುಬಿಡುವುದು. ಎಮ್ಮೆ ಕೂಡ ಮಾಡಬಹುದಾದ ಕೆಲಸ. ಜಮಖಂಡಿಯ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಡ್ರಾಯಿಂಗ್ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ನಡೆಯುವುದನ್ನು ಯಾರಾದರೂ ಕಲಿಸಬೇಕೆ? ಆದರೂ ಬಾಗಿಲ ಬಳಿಯ ಚಪ್ಪಲಿ ಗೂಡಿನ ಮುಂದೆ ಹೋಗಿ ನಿಂತು ಬಂದ, ಮತ್ತೆ ಹೋಗಿ ನಿಂತ. ಹಳೆಯ ಚರ್ಮದ ಚಪ್ಪಲಿ ಒಂದು ಜೊತೆ, ನೀಲಿ ಪಟ್ಟಿಯ ರಬ್ಬರಿನದು ಒಂದು ಜೊತೆ. ಚರ್ಮದ್ದು ಬೇಡ, ಸತ್ತ ದನದ್ದು, ಅದನ್ನು ಹಾಕಿಕೊಂಡು ಚಿತ್ರದ ಪದ್ಮದ ಮೇಲೆ ಹೇಗೆ, ಎಂದು ಮನಸ್ಸು ಅರ್ಧ ಮಾತು ಆಡಿ ಸುಮ್ಮನಾಯಿತು. ತಾನು ಇಂಥ ವಿಚಾರ ಮಾಡುವ ಮನುಷ್ಯನಲ್ಲ ಎಂದು ವಾಸುದೇವ ತಿಳಿದಿದ್ದ. ರಬ್ಬರಿನದನ್ನು ಹೊರಗೆಳೆದು ಹೊಸ್ತಿಲಾಚೆ ಇಟ್ಟ.

"ಈಗಿಂದನ ಯಾಕ ಅವನ್ನ ತಗದಿಟ್ರಿ?" ಒಳಗಿನ ಕುರ್ಚಿಯಿಂದ ಹೆಂಡತಿ ಕೃಷ್ಣಾಬಾಯಿ ಕೇಳಿದಳು. ಕುಳಿತಲ್ಲೇ ಕುಳಿತವರಿಗೆ ಮನೆಯೆಲ್ಲ ಕಾಣುತ್ತದೆ.

"ಸಂಜಿಕ್ಕೆ ಹುಡುಕೋದು ಆಗಬಾರದಂತ."

"ಸಂಜಿಕ್ಕೆ ನಾನೂ ಬರ್ತೀನಿ."

"ನೀ ಯಾಕ? ಅಲ್ಲೆ ಗದ್ಲ ಇರ್ತದ."

"ನನ್ನ ಸಲವಾಗೇ ಅಲ್ಲೇನು ನೀವು ನಡೀಲಿಕ್ಕೆ ಹೊಂಟದ್ದು? ನಾ ನೋಡಬಾರದೇನು?"

ಮೂರು ವರ್ಷದ ಹಿಂದೆ ಕೃಷ್ಣಾಬಾಯಿಗೆ ಲಕ್ವಾ ಹೊಡೆದು ಎಡಗಾಲು ಬಿದ್ದುಹೋಗಿತ್ತು. ಮಿರಜಿನ ಡಾಕ್ಟರರು ಅವಳಿಗೊಂದು ಬೂಟು ಮಾಡಿಸಿಕೊಟ್ಟಿದ್ದರು. ಹಿಮ್ಮಡಿಯಿಂದ ಮೀನಖಂಡದವರೆಗೆ ಏರುವ ಗಟ್ಟಿ ಪ್ಲಾಸ್ಟಿಕ್ಕಿನ ಆಧಾರ, ಅದರ ಸುತ್ತ ಬಿಗಿಯುವ ಪಟ್ಟಿಗಳು. ಅದಿದ್ದರೆ ಪಾದ ನೆಟ್ಟಗೆ ನಿಲ್ಲುತ್ತದೆ, ಇಲ್ಲದಿದ್ದರೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ. ಅದನ್ನು ತೊಟ್ಟು ವಾಕರ್ ಹಿಡಿದು ಅವಳು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ನಡೆಯುತ್ತಿದ್ದಳು. ಮನೆಯ ಮುಂದಿನ ತಿರುವು ದಾಟಿದರೆ ಕಾಸಾರ ಗಲ್ಲಿ, ಗಲ್ಲಿಯ ಆ ತುದಿಯಲ್ಲಿ ಶೇವಂತಿ ಕಾಯಿಪಲ್ಲೆ ಹರವಿಕೊಂಡು ಕೂಡುತ್ತಾಳೆ. ಇಷ್ಟೇ ದಾರಿ. ಆದರೆ ಎರಡೂ ಬದಿ ನಿಲ್ಲಿಸಿದ ಮೋಟರ್ ಸೈಕಲ್ಲು, ನಡುವೆ ಆಟೋ, ಅಂಗಡಿಗಳಿಂದ ಹೊರಚಾಚಿದ ಕೊಡ ಬುಟ್ಟಿ, ಇವುಗಳ ನಡುವೆ ಕಾಲು ಗಟ್ಟಿ ಇದ್ದವರೇ ಅಡ್ಡ ತಿರುಗಿ ನುಸುಳಬೇಕು. ಹಾಗಾಗಿ ಪಲ್ಲೆ ತರುವ ಕೆಲಸ ವಾಸುದೇವನ ಪಾಲಿಗೆ ಬಂದಿತ್ತು. ಅವನು ತಂದ ಮೆಂತೆ ಸಿವುಡನ್ನು ಅವಳು ಪ್ರತಿಸಲ ಕೈಯಲ್ಲಿ ತಿರುಗಿಸಿ ನೋಡಿ, "ಛಲೋ ಅದ, ಎಳೀದದ" ಎನ್ನುತ್ತಿದ್ದಳು. ಗಂಡಸಾದರೂ ತನಗೆ ಪಲ್ಲೆ ಆರಿಸಲು ಬರುತ್ತದೆಂದು ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆಮೇಲೆ ದಾನೇಶ್ವರಿ ಬಂದಳು. ಅವನ ಹಳೆಯ ವಿದ್ಯಾರ್ಥಿನಿ, ಈಗ ನಗರಸಭೆಯಲ್ಲಿ ಇಂಜಿನಿಯರು. ಕಾಸಾರ ಗಲ್ಲಿಯನ್ನು ಒಂದು ತಿಂಗಳ ಮಟ್ಟಿಗೆ ಕಾಲ್ನಡಿಗೆಯವರಿಗೆ ಅನುಕೂಲವಾಗುವಂತೆ ಬದಲಿಸಿ ನೋಡೋಣ, ಜನ ಒಪ್ಪಿದರೆ ಕಾಯಂ ಮಾಡೋಣ ಎಂದು ಮೇಲಿನವರನ್ನು ಒಪ್ಪಿಸಿದವಳು ಅವಳೇ. ಗಲ್ಲಿಯ ಒಂದು ಬದಿಯನ್ನು ನಡೆಯುವವರಿಗೆಂದು ಬಿಟ್ಟು, ಕತ್ತರಿಸಿದ ಡ್ರಮ್ಮುಗಳಲ್ಲಿ ದಾಸವಾಳ ನೆಟ್ಟು ಸಾಲಾಗಿ ಅಡ್ಡ ಇಟ್ಟು, ಅಲ್ಲಲ್ಲಿ ಬೆಂಚು ಹಾಕಿಸಿದಳು. ಉಳಿದ ಬದಿಯಲ್ಲಿ ಗಾಡಿಗಳು ಒಂದೇ ದಿಕ್ಕಿಗೆ ಹೋಗಬೇಕು, ನಿಲ್ಲುವ ಹಾಗಿಲ್ಲ. ನಿಲ್ಲಿಸುವವರು ಮೊದಲು ಧಾನ್ಯದ ಪೇಟೆಯಿದ್ದ ಹಳೇ ಗಂಜಿನ ಬಯಲಿನಲ್ಲಿ ನಿಲ್ಲಿಸಿ ನಡೆದು ಬರಬೇಕು. ಡ್ರಮ್ಮು ಬಂದ ಮೊದಲ ಸಂಜೆ ಕೃಷ್ಣಾಬಾಯಿ ವಾಕರಿಗೆ ಚೀಲ ತೂಗುಹಾಕಿಕೊಂಡು, "ನೀವು ಹಿಂದ ಬರಬ್ಯಾಡ್ರಿ" ಎಂದು ಕಟ್ಟುನಿಟ್ಟಾಗಿ ಹೇಳಿ ಹೊರಟಳು. ಅವನು ತಿರುವಿನಲ್ಲಿ ನಿಂತು ನೋಡಿದ. ಹಸಿರು ಸೀರೆಯ ಬೆನ್ನು ನಿಧಾನವಾಗಿ, ಯಾರ ಹಂಗೂ ಇಲ್ಲದೆ, ನಡುವೆ ಬೆಂಚಿನ ಮೇಲೆ ಕೂತು ದಣಿವಾರಿಸಿಕೊಂಡು, ಮತ್ತೆ ಎದ್ದು, ಶೇವಂತಿಯ ತನಕ ಹೋಯಿತು. ತಿರುಗಿ ಬಂದಾಗ ಅವಳ ಮುಖ ಕೆಂಪಾಗಿತ್ತು. ಮೆಂತೆ ಸಿವುಡನ್ನು ಅವನ ಮೂಗಿನ ಹತ್ತಿರ ಹಿಡಿದು, "ಎಳೀದು ಅಂದ್ರ ಇದು ನೋಡ್ರಿ. ಮೂರು ವರ್ಷ ನೀವು ತಂದದ್ರಾಗ ಅರ್ಧಾ ನಾ ಚೆಲ್ಲೇ ಬಿಡ್ತಿದ್ದೆ" ಎಂದು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಅವನೂ ನಕ್ಕ. ತನ್ನ ಹೆಮ್ಮೆ ಮಣ್ಣುಪಾಲಾದದ್ದಕ್ಕೆ ತುಸು ನೊಂದರೂ, ಆ ಸಂಜೆಯಷ್ಟು ಸುಖ ಅವನಿಗೆ ಬಹಳ ಕಾಲದಿಂದ ಆಗಿರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ! ಬಿಡಲಿಲ್ಲವಲ್ಲ. ವಾರ ಕಳೆದ ಮೇಲೆ ದಾನೇಶ್ವರಿ ಮನೆಗೆ ಬಂದು, "ಸರ, ಡಾಂಬರು ಬರೇ ಕರ್ರಗ ಕಾಣ್ತೈತಿ. ನಡಿಯೂ ಕಡೆ ಒಂದೀಟು ಬಣ್ಣ ಇದ್ರ ಜನಕ್ಕ ಇದು ನಮ್ಮ ಜಾಗ ಅಂತ ತಿಳೀತೈತಿ. ಬರೇ ಪಟ್ಟಿ ಹೊಡದ್ರ ಸಾಕ್ರಿ" ಎಂದಿದ್ದಳು. ಬರೇ ಪಟ್ಟಿ. ಎಷ್ಟು ಸ್ಪಷ್ಟವಾಗಿ ಹೇಳಿದ್ದಳು. ಆದರೆ ಆಯುಷ್ಯವೆಲ್ಲ ಕರಿಹಲಗೆಯ ಮೇಲೆ ಮಾವಿನಹಣ್ಣು, ಹೂಜಿ, ತೆಂಗಿನಮರದ ಹಿಂದೆ ಮುಳುಗುವ ಸೂರ್ಯ ಬರೆದು ಗಂಟೆ ಬಾರಿಸುತ್ತಲೇ ಒರೆಸಿದವನಿಗೆ, ಒಂದು ಇಡೀ ಗಲ್ಲಿಯನ್ನೇ ತಗೋ ಎಂದು ಯಾರಾದರೂ ಕೊಟ್ಟರೆ ಬರೇ ಪಟ್ಟಿ ಎಳೆಯಲು ಕೈ ಬಂದೀತೆ? ಕೈ ತಾನಾಗಿ ಆಯಿಯ ಹತ್ತಿರ ಹೋಯಿತು. ಆಯಿ, ಅವನ ತಾಯಿ, ಚೈತ್ರಗೌರಿ ಕೂಡುವ ತಿಂಗಳಲ್ಲಿ ಅಂಗಳ ಸಾರಿಸಿ ಚೈತ್ರಾಂಗಣದ ರಂಗೋಲಿ ಹಾಕುತ್ತಿದ್ದಳು. ಪದ್ಮ, ಶಂಖ, ಸೂರ್ಯ ಚಂದ್ರ, ತುಳಸಿಕಟ್ಟೆ, ಆನೆ, ಆಕಳ ಹೆಜ್ಜೆ, ಇವೆಲ್ಲವುಗಳ ನಡುವೆ ಹಾಯುವ ಲಕ್ಷ್ಮಿಯ ಪುಟ್ಟ ಪುಟ್ಟ ಪಾದ. ಬೆರಳ ಸಂದಿಯಿಂದ ಪುಡಿ ಸುರಿಯುತ್ತ ಅವಳು ಹಿಂದೆ ಹಿಂದೆ ಸರಿಯುತ್ತಿದ್ದರೆ, ಮುಂದೆ ಒಂದು ಊರೇ ಎದ್ದುಬರುತ್ತಿತ್ತು. ವಾಸುದೇವ ಅದನ್ನು ಎಣ್ಣೆಬಣ್ಣದಲ್ಲಿ, ಮಳೆಗೂ ಅಳಿಯದ ಹಾಗೆ ಬರೆದ. ಮಂಡಿಯೂರಿ ಬರೆದ, ಬಿಸಿಲಲ್ಲಿ ಬರೆದ, ಊಟಕ್ಕೆ ಕರೆದರೆ ಕೇಳಿಸದವನ ಹಾಗೆ ಬರೆದ. ಲಕ್ಷ್ಮಿಯ ಪಾದಗಳು ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಒಂದರ ಮುಂದೊಂದು ನಡೆದುಕೊಂಡು ಹೋದವು. ನಡೆಯುವವರ ದಾರಿ, ಅದರಲ್ಲಿ ಅವಳೂ ನಡೆಯಲಿ ಎಂಬುದು ಅವನ ಕಲ್ಪನೆ. ಬಹಳ ಜಾಣತನದ ಕಲ್ಪನೆಯೆಂದು ಅವನಿಗನ್ನಿಸಿತ್ತು.

ಮೊದಲ ಕೆಲವು ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸುಮ್ಮಸುಮ್ಮನೆ ಗಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದ. ಇದನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಯಾರೋ "ಏನ್ ಚಂದ ತಗದಾರಪಾ" ಎಂದರೆ ಬೇರೆಡೆ ನೋಡುವವನಂತೆ ನಟಿಸಿ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ. ಪೇಪರಿನಲ್ಲಿ ಫೋಟೋ ಬಂತು. ಸಾಹೇಬರ ಹೆಸರಿತ್ತು, ದಾನೇಶ್ವರಿಯ ಹೆಸರಿತ್ತು, ಚಿತ್ರದ ಕೆಳಗೆ "ಸ್ಥಳೀಯ ಕಲಾವಿದರಿಂದ" ಎಂದಿತ್ತು. ಬಳೆ ಅಂಗಡಿಯವರಿಗೆ ಬೆಂಚು ಹಿಡಿಸಿದ್ದವು, ಹೆಂಗಸರು ಕೂತು ಸಾವಕಾಶ ಬಳೆ ನೋಡುತ್ತಿದ್ದರು. ಕಾಲೇಜಿನ ಹುಡುಗಿಯರು ಪದ್ಮದ ಪಕ್ಕ ಕೂತು ಸೆಲ್ಫಿ ತೆಗೆದುಕೊಂಡರು. ಮೋಟರ್ ಸೈಕಲ್ಲಿನವರು ಗಂಜಿನ ಬಯಲಿನಿಂದ ನಡೆದು ಬರುವಾಗ ದಾನೇಶ್ವರಿಯ ಕುಲಗೋತ್ರವನ್ನೆಲ್ಲ ಬೈದುಕೊಂಡು ಬಂದರು. ಬಟ್ಟೆ ಅಂಗಡಿಯವರು, ಗಿರಾಕಿಗಳು ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಮುಧೋಳಕ್ಕೆ ಹೋಗುತ್ತಿದ್ದಾರೆಂದು ಗೊಣಗಿದರು. ಎಲ್ಲರಿಗಿಂತ ಗಟ್ಟಿಯಾಗಿ ಗೊಣಗಿದವನು ಭಾಂಡೆ ಅಂಗಡಿಯ ಗಿರಿಮಲ್ಲಪ್ಪ. ಅವನ ಅಂಗಡಿಯಲ್ಲಿ ಕೊಳ್ಳುವುದು ಕೊಡ, ಹಂಡೆ, ಪರಾತ. ಕೊಂಡವರು ಅದನ್ನು ಹೊತ್ತು ಗಂಜಿನ ತನಕ ನಡೆಯಬೇಕು. ಅವನ ಸಿಟ್ಟಿನಲ್ಲಿ ನ್ಯಾಯವಿಲ್ಲ ಎನ್ನುವ ಹಾಗಿರಲಿಲ್ಲ. "ನಮ್ಮ ಚಿಕ್ಕಪಡಸಲಗ್ಯಾಗ ರೈತರು ಸರಕಾರದ ದಾರಿ ನೋಡದ ಹೊಳಿಗೆ ಬ್ಯಾರೇಜ ಕಟ್ಟಿದ್ರು. ಇವರು ಸರಕಾರದ ರೊಕ್ಕದಾಗ ಡ್ರಮ್ಮಿನಾಗ ದಾಸಾಳ ಹಚ್ಚ್ಯಾರ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆದರೆ ಇವೆಲ್ಲ ಬೈಗುಳ ಡ್ರಮ್ಮಿಗೆ ಸಲ್ಲುವಂಥವು, ಚಿತ್ರಕ್ಕಲ್ಲ. ಚಿತ್ರದ ಮೇಲೆ ಯಾರೂ ನಡೆಯುತ್ತಿಲ್ಲ ಎಂಬುದು ವಾಸುದೇವನ ಗಮನಕ್ಕೆ ಬರಲು ದಿನ ಹಿಡಿಯಿತು. ಅದಕ್ಕೆ ಹೊಗಳಿಕೆಯ ಮತ್ತೇ ಕಾರಣವಿರಬೇಕು. ಮುದುಕಿಯೊಬ್ಬಳು ಪದ್ಮದ ಅಂಚಿಗೆ ಬಂದು, ನಿಂತು, ಡ್ರಮ್ಮುಗಳ ಸಂದಿಯಿಂದ ಆಚೆ ದಾಟಿ, ಹಾರ್ನು ಹೊಡೆಯುವ ಗಾಡಿಗಳ ನಡುವೆ ನಡೆದುಹೋದಳು. ಅವಳ ಹಿಂದಿನವರೂ ಹಾಗೇ ಮಾಡಿದರು. ಮರುದಿನ ಯಾರೋ ಪಾದಗಳ ಮೇಲೆ ಅರಿಶಿನ ಕುಂಕುಮ ಏರಿಸಿದ್ದರು. ಅಂಗಳದ ರಂಗೋಲಿಯನ್ನು ಯಾರು ತಾನೇ ತುಳಿಯುವುದಿಲ್ಲ? ಮಧ್ಯಾಹ್ನದೊಳಗೆ ಅದು ಅಳಿಸಿ ಹೋಗುತ್ತದೆ, ನಾಳೆ ಮತ್ತೊಂದು ಬರುತ್ತದೆ, ತುಳಿದವರ ಪಾಪವೂ ಅದರ ಜೊತೆಗೇ ಗುಡಿಸಿ ಹೋಗುತ್ತದೆ. ತಾನು ಮಾಡಿದ ತಪ್ಪು ಅಳಿಯದ ಹಾಗೆ ಬರೆದದ್ದು. ಅಳಿಯದ ಲಕ್ಷ್ಮಿಯನ್ನು ತುಳಿಯುವ ಧೈರ್ಯ ಈ ಊರಿನಲ್ಲಿ ಯಾರಿಗಿದೆ? ನಡೆಯಲೆಂದು ಮಾಡಿದ ದಾರಿಯಲ್ಲಿ ನಡೆಯದ ಹಾಗೆ ಮಾಡಿದವನು ತಾನು. ಮಾಡಿದ್ದುಣ್ಣೋ ಮಹರಾಯ.

ಗಿರಿಮಲ್ಲಪ್ಪನ ಕಣ್ಣಿಗೆ ಇನ್ನೂ ಒಂದು ಬಿತ್ತು. ಒಂದು ದಿನ ವಾಸುದೇವನನ್ನು ಕೈಹಿಡಿದು ಅಂಗಡಿಯ ಮುಂದೆ ನಿಲ್ಲಿಸಿಕೊಂಡ. ಅವನ ಮಾತು ಯಾವಾಗಲೂ ಮೆತ್ತಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ಮಾಸ್ತರ್ರ, ತಪ್ಪ ತಿಳೀಬ್ಯಾಡ್ರಿ. ಪಾದದ ಬೆರಳು ಯಾವ ಕಡೆ ಅದಾವು ನೋಡ್ರಿ. ಮನ್ಯಾಗ ನಾವು ಲಕ್ಷ್ಮಿ ಪಾದ ಹೆಂಗ ತಗೀತೇವಿ? ಹೊರಗಿಂದ ಒಳಗ ಬರೂಹಂಗ, ಹೌದಲ್ರಿ? ಇಲ್ಲಿ ಏನಾಗೈತಿ? ಅಕಿ ನನ್ನ ಅಂಗಡಿ ಮುಂದ ಬರ್ತಾಳ, ಹೊಸ್ತಲಾ ಸೈತ ನೋಡೂದಿಲ್ಲ, ಹಂಗ ಹಾದು ಹೋಗ್ತಾಳ. ಎಲ್ಲಾರ ಅಂಗಡಿ ಮುಂದೂ ಹಂಗ ಐತಿ. ಯಾಪಾರ ಯಾಕ ಬಿತ್ತು ಅಂತ ನಾವು ತೆಲಿ ಕೆಡಿಸ್ಕೊಂಡಿದ್ದಿವಿ. ಅಕಿನ ಹೊಂಟ ನಿಂತಾಳಲ್ರಿ!" ವಾಸುದೇವ ನಗಲು ಹೋದ. ಗಿರಿಮಲ್ಲಪ್ಪ ನಗಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ವ್ಯಾಪಾರಿಯ ಯುಕ್ತಿ ಇದು, ಡ್ರಮ್ಮು ತೆಗೆಸಲು ಲಕ್ಷ್ಮಿಯನ್ನು ಮುಂದೆ ಬಿಟ್ಟಿದ್ದಾನೆ, ಎಂದು ವಾಸುದೇವ ಮನೆಗೆ ಬರುವ ತನಕ ಅಂದುಕೊಂಡ. ಮನೆಗೆ ಬಂದ ಮೇಲೆ, ಆ ಮನುಷ್ಯ ನಿಜಕ್ಕೂ ಹೆದರಿದ್ದಾನೆ ಅನ್ನಿಸಿತು. ಎರಡೂ ನಿಜವಿರಬಹುದು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ಕೃಷ್ಣಾಬಾಯಿ ಮಾತ್ರ ನಡೆಯುತ್ತಲೇ ಇದ್ದಳು. ಇದು ಅವಳ ಗಂಡ ಬರೆದ ಚಿತ್ರ, ಅವಳ ದಾರಿ. ಆಕಳ ಹೆಜ್ಜೆಯ ಮೇಲೆ ವಾಕರಿನ ರಬ್ಬರು ಗುಬ್ಬಿಗಳನ್ನು ಊರುತ್ತ, ಬೂಟಿನ ಕಾಲು ಎಳೆಯುತ್ತ ದಿನಾ ಶೇವಂತಿಯ ತನಕ ಹೋಗಿ ಬರುತ್ತಿದ್ದಳು. ಒಂದು ಸಂಜೆ ಗಿರಿಮಲ್ಲಪ್ಪ ಅಂಗಡಿಯ ಮೆಟ್ಟಿಲಿಳಿದು ಬಂದು, ಕೈ ಮುಗಿದು, "ಅಕ್ಕಾರ, ಕಾಲಾಗ ಬೂಟ್ ಐತ್ರಿ... ಕೆಳಗ ಪಾದ ಅದಾವು" ಎಂದ. ಅಷ್ಟೇ ಅಂದದ್ದು. ಆಚೀಚೆ ಅಂಗಡಿಯವರು ನೋಡುತ್ತಿದ್ದರು, ಬಳೆ ತೊಡುತ್ತಿದ್ದ ಹೆಂಗಸರು ನೋಡುತ್ತಿದ್ದರು. ಅವಳು ಡ್ರಮ್ಮಿನ ಸಂದಿಯಿಂದ ವಾಕರನ್ನು ಎತ್ತಿ ಗಾಡಿಗಳ ಬದಿಗೆ ಇಟ್ಟಳು. ನಾಲ್ಕು ಹೆಜ್ಜೆ ಹಾಕುವುದರೊಳಗೆ ಹಿಂದಿನಿಂದ ಬಂದ ಮೋಟರ್ ಸೈಕಲ್ಲು ವಾಕರಿನ ಕಾಲಿಗೆ ತಾಗಿತು. ಬೀಳಲಿಲ್ಲ. ಡ್ರಮ್ಮಿನ ಅಂಚು ಹಿಡಿದು ನಿಂತಳು, ದಾಸವಾಳದ ಗಿಡದಲ್ಲಿ ಮುಖ ಹುದುಗಿಸಿದವಳಂತೆ ಬಗ್ಗಿ ನಿಂತಳು. ಶೇವಂತಿ ಓಡಿ ಬಂದು ಅವಳನ್ನು ಮನೆಗೆ ಕರೆತಂದಾಗ ವಾಸುದೇವ ಹೊಸ ಚಿತ್ರವೊಂದರ ಕರಡು ಗೀಚುತ್ತ ಕೂತಿದ್ದ. ಆ ರಾತ್ರಿ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಲೇ ಕೇಳಿದಳು. "ನೀವು ಅಲ್ಲೆ ಪಾದ ಯಾಕ ತಗದ್ರಿ? ಬರೇ ಗೆರಿ ಎಳದಿದ್ರ ಆಗ್ತಿದ್ದಿಲ್ಲೇನು?" ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಕೇಳಿದ್ದರೆ ಬೇರೆ ಮಾತು. ಮರುದಿನ ಅವಳು ಹೊರಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಚೀಲ ಮತ್ತೆ ಗೋಡೆಯ ಮೊಳೆಗೆ ಬಂತು.

ಅಳಿಸಿಬಿಡಿ ಎಂದು ಅವನೇ ನಗರಸಭೆಗೆ ಹೋಗಿ ಹೇಳಿದ. ದಾನೇಶ್ವರಿ ಆಳುಗಳನ್ನು ಕಳಿಸಿದಳು. ಅವರು ಕಪ್ಪು ಬಣ್ಣದ ಡಬ್ಬಿ ತೆರೆದು, ಪಾದಗಳ ಮೇಲಿನ ಕುಂಕುಮ ನೋಡಿ, ಡಬ್ಬಿ ಮುಚ್ಚಿ, "ಲಕ್ಷ್ಮಿಗೆ ಕರೀ ಬಣ್ಣ ಬಳ್ಯಾಕ ನಮ್ಮ ಕೈಲೆ ಆಗೂದಿಲ್ರೀ ಮೇಡಮ್ಮರ" ಎಂದು ಹೋಗಿಬಿಟ್ಟರು. ವಾಸುದೇವ ಸ್ವತಃ ಕುಂಚ ಹಿಡಿದು ಹೋಗಿ ಚಿತ್ರದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಸಿಲು ಏರುವವರೆಗೂ ಕೂತಿದ್ದು ವಾಪಸ್ಸು ಬಂದ. ಆ ಮಾತನ್ನು ಯಾರಿಗೂ ಹೇಳಲಿಲ್ಲ. ತಿಂಗಳು ಮುಗಿಯುವ ದಿನ ಸಾಹೇಬರು ಗಲ್ಲಿಗೇ ಬಂದು ಜನರ ಅಭಿಪ್ರಾಯ ಕೇಳುವುದೆಂದಾಯಿತು. ನಿನ್ನೆ ದಾನೇಶ್ವರಿ ಬಂದಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು ಹುಡುಗಿಗೆ. "ಸರ, ಉಳದದ್ದಕ್ಕೆಲ್ಲಾ ನಾ ಉತ್ತರಾ ಕೊಡ್ತೇನ್ರಿ. ಗಾಡಿ ಹಚ್ಚೂ ಜಾಗಾ ಹತ್ರ ಮಾಡಿ ಕೊಡ್ತೇನಿ, ಭಾಂಡೆ ಒಯ್ಯಾಕ ತಳ್ಳೂಗಾಡಿ ಇಡಸ್ತೇನಿ. ಆದ್ರ ದೇವರ ಮಾತಿಗೆ ನನ್ನ ಕಡೆ ಉತ್ತರಾ ಇಲ್ಲ. ನೀವ ತಗದದ್ದು. ನೀವ ಎಲ್ಲಾರ ಮುಂದ ಒಂದ ಸಲ ಚಪ್ಪಲಿ ಹಾಕ್ಕೊಂಡ ನಡದ ಬಿಟ್ರ ಇದು ಬರೇ ಬಣ್ಣ ಅಂತಾಗ್ತೈತಿ. ನಿಮ್ಮ ಹಿಂದ ಜನಾ ನಡೀತಾರ. ಅಕ್ಕಾರೂ ನಡೀತಾರ."

ಅಕ್ಕಾರೂ ನಡೀತಾರ. ಈಗ ಬಾಗಿ ಕೂತು ಹೆಂಡತಿಯ ಬೂಟಿನ ಪಟ್ಟಿ ಬಿಗಿಯುವಾಗ ವಾಸುದೇವನ ಕಿವಿಯಲ್ಲಿ ಆ ಮಾತೊಂದೇ ಇತ್ತು. ಅವಳು ಅವನ ತಲೆಯ ಮೇಲಿಂದ ಹೊರಗೆ ನೋಡುತ್ತ, "ಬಿಗೀ ಆತು, ಸ್ವಲ್ಪ ಸಡ್ಲ ಮಾಡ್ರಿ" ಎಂದಳು. ಹಸಿರು ಸೀರೆ ಉಟ್ಟಿದ್ದಳು. ಮೊಳೆಯ ಮೇಲಿನ ಚೀಲ ತಾನೇ ಎಟುಕಿಸಿ ತೆಗೆದು ವಾಕರಿಗೆ ಸಿಕ್ಕಿಸಿದ್ದಳು.

ಗಲ್ಲಿಯ ಬಾಯಲ್ಲಿ ಜನ ಕೂಡಿದ್ದರು. ದೊಡ್ಡ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದುದರಿಂದ ಸಾಹೇಬರ ಮಾತು ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಕೇಳಿದ್ದರಲ್ಲೂ ಅಭಿವೃದ್ಧಿಯೂ ಆಗಬೇಕು, ಸಾರ್ವಜನಿಕರ ಭಾವನೆಗೂ ಧಕ್ಕೆಯಾಗಬಾರದು ಎಂಬಂಥ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ದಾನೇಶ್ವರಿ ಮಾತಾಡಿದಳು. ಬಟ್ಟೆ ಅಂಗಡಿಯವರು ಮಾತಾಡಿದರು. ವಾಸುದೇವನಿಗೆ ಯಾವುದೂ ತಲೆಗೆ ಹೋಗಲಿಲ್ಲ. ಕೃಷ್ಣಾಬಾಯಿಯನ್ನು ಮೊದಲ ಬೆಂಚಿನ ಮೇಲೆ ಕೂಡಿಸಿದ್ದರು. ಅವಳು ವಾಕರನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸು ಬಂತೆಂದರೆ ಏಳಲು ತಯಾರಾದವಳ ಹಾಗೆ ಕೂತಿದ್ದಳು. ಕಡೆಗೆ ಗಿರಿಮಲ್ಲಪ್ಪ ಕೈ ಜೋಡಿಸಿ ಎಲ್ಲರಿಗೂ ಕೇಳುವಂತೆ ಹೇಳಿದ. "ನಮ್ಮದೇನ ಹಟ ಇಲ್ರಿ. ಮಾಸ್ತರ ನಮ್ಮ ಮಕ್ಕಳಿಗೆ ಕಲಿಸಿದವರು, ತಿಳದವರು. ಇದು ಬರೇ ಬಣ್ಣ, ಮೆಟ್ಟಿನಕಾಲಿಲೆ ತುಳದ್ರ ನಡೀತೈತಿ ಅಂತ ಅವರ ನಡದ ತೋರಸ್ಲಿ. ಅವರ ಹಿಂದ ನಾವೂ ನಡಿತೇವಿ. ಬಸವಣ್ಣನ ಆಣಿ." ಜನ ದಾರಿ ಬಿಟ್ಟರು. ದಾನೇಶ್ವರಿ ಅವನ ಕಡೆ ನೋಡಿ ತಲೆಯಾಡಿಸಿದಳು. ಅವಳು ಎಂಟನೆಯ ಇಯತ್ತೆಯಲ್ಲಿದ್ದಾಗ ಗೆರೆ ನೆಟ್ಟಗೆ ಬಂತೇ ಎಂದು ಹೀಗೇ ನೋಡುತ್ತಿದ್ದಳು.

ಚಿತ್ರದ ಅಂಚಿಗೆ ಬಂದು ನಿಂತ. ಮೊದಲಿಗೆ ಪದ್ಮ, ಅದರ ಎಸಳಿನಿಂದ ಹೊರಟ ಮೊದಲ ಪಾದ. ಹೆಬ್ಬೆರಳನ್ನು ತಾನು ತುಸು ದೊಡ್ಡದಾಗಿ ಬರೆದಿದ್ದೇನೆ ಅನ್ನಿಸಿತು. ಆಯಿಯ ಪಾದಗಳಲ್ಲಿ ಐದೂ ಬೆರಳು ಒಂದೇ ಬೊಟ್ಟಿನಷ್ಟು. ಆಯಿ ಹಿಂದೆ ಹಿಂದೆ ಸರಿಯುತ್ತಿದ್ದಾಳೆ, ಬೆನ್ನಿಗೆ ಬಿಸಿಲು, ನೆಲದಿಂದ ಸೆಗಣಿಯ ಹಸಿ ವಾಸನೆ, ಸಾಲಿಗೆ ಹೊತ್ತ್ಯಾತು ಎಂದು ಯಾರೋ ಕೂಗುತ್ತಿದ್ದಾರೆ, ಪಾಟಿಚೀಲ ಹೆಗಲಿಗೇರಿಸಿ ಅಂಗಳಕ್ಕೆ ಹಾರುವ ಪೋರ ಹೊಸಾ ಚಪ್ಪಲಿಯ ಕಾಲನ್ನು ನೇರ ಲಕ್ಷ್ಮಿಯ ಮೇಲೆ ಊರುತ್ತಾನೆ. ಆಯಿ ಬೈಯಲಿಲ್ಲ. ಪುಡಿ ಮೆತ್ತಿದ ಕೈಯಿಂದ ಮೀನಖಂಡದ ಮೇಲೆ ಒಂದೇ ಏಟು ಕೊಟ್ಟಳು. ಐದು ಬಿಳಿ ಬೆರಳು ಸಾಲಿ ಬಿಡುವ ತನಕ ಕಾಲ ಮೇಲಿದ್ದವು, ಹುಡುಗರೆಲ್ಲ ನೋಡಿ ನಕ್ಕಿದ್ದರು. ಉರಿಯುತ್ತಿದೆ, ಅದೇ ಜಾಗ, ಈಗ. ಉರಿಯಲಿ. ಆಯಿ ಸತ್ತು ಎಷ್ಟೋ ಕಾಲವಾಯಿತು. ಬೆಂಚಿನ ಮೇಲೆ ಬದುಕಿದ್ದವಳು ಕೂತಿದ್ದಾಳೆ, ಚೀಲ ಸಿಕ್ಕಿಸಿಕೊಂಡು. ಅವಳ ಸಲುವಾಗಿ ಒಂದು ಬಣ್ಣವನ್ನು ತುಳಿಯಲಾರೆನೆ? ಕಣ್ಣು ಎದುರಿನ ತುದಿಗೆ ನೆಟ್ಟು, ಉಸಿರು ಬಿಗಿಹಿಡಿದು, ಹೆಜ್ಜೆ ಇಟ್ಟ.

ಇಟ್ಟೇಬಿಟ್ಟ. ಏನೂ ಆಗಲಿಲ್ಲ. ಪದ್ಮ ದಾಟಿದ, ಶಂಖ ದಾಟಿದ, ಆಕಳ ಹೆಜ್ಜೆಗಳ ಮೇಲೆ ತನ್ನ ಹೆಜ್ಜೆ ಹಾಕಿದ. ಗಲ್ಲಿ ಒಮ್ಮೆಲೇ ಶಾಂತವಾಗಿತ್ತು. ಅದು ಸೋತವರ ಮೌನವೆಂದು ಅವನು ತಿಳಿದ. ಒಂದೊಂದು ಹೆಜ್ಜೆಗೂ ಎದೆ ಹಗುರಾಗುತ್ತ ಹೋಯಿತು. ಇಷ್ಟೇ ಅಲ್ಲವೆ, ಇಷ್ಟಕ್ಕಾಗಿ ನಾನು ಮುಂಜಾನೆಯಿಂದ ಸತ್ತೆನಲ್ಲ ಎಂದು ನಗು ಬಂತು. ಡಾಂಬರು ಸಂಜೆಯ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು, ಎಣ್ಣೆಬಣ್ಣ ನುಣ್ಣಗೆ ಅಂಗಾಲಿಗೆ ಹಿತವಾಗಿತ್ತು. ಆ ತುದಿಯಲ್ಲಿ ಶೇವಂತಿ ಪಲ್ಲೆಯ ಗೋಣಿತಾಟಿನ ಹಿಂದೆ ಎದ್ದು ನಿಂತಿದ್ದಳು. ಅವಳು ಅವನ ಮುಖ ನೋಡುತ್ತಿರಲಿಲ್ಲ.

"ಚಪ್ಪಲಿ ಅಲ್ಲೇ ಬಿಟ್ಟ ಬಂದೀರಲ್ರೀ, ಮಾಸ್ತರ್ರ" ಎಂದಳು ಮೆಲ್ಲಗೆ.

ವಾಸುದೇವ ಕೆಳಗೆ ನೋಡಿಕೊಂಡ. ಬರಿಗಾಲು. ಬಿಳಿ ಕೂದಲಿನ, ಉಬ್ಬಿದ ನರಗಳ ಎರಡು ಬರಿಗಾಲು ಲಕ್ಷ್ಮಿಯ ಕಡೆಯ ಪಾದದ ಮೇಲೆ ನಿಂತಿದ್ದವು. ತಿರುಗಿ ನೋಡಿದ. ತಾನು ಹೊರಟ ತುದಿಯಲ್ಲಿ, ಚಿತ್ರದ ಅಂಚಿನಲ್ಲಿ, ನೀಲಿ ಪಟ್ಟಿಯ ರಬ್ಬರು ಚಪ್ಪಲಿ ಗುಡಿಯ ಮುಂದೆ ಬಿಡುವ ಹಾಗೆ ಒಂದಕ್ಕೊಂದು ಹೊಂದಿಸಿ ಇಟ್ಟಿದ್ದವು. ಯಾವಾಗ ಕಳಚಿದೆ? ಯಾರು ಕಳಚಿದರು? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಅಷ್ಟರಲ್ಲಿ ಗಿರಿಮಲ್ಲಪ್ಪ ಮುಂದೆ ಬಂದು ತನ್ನ ಜೋಡು ಕಳಚಿ ಅವನ ಚಪ್ಪಲಿಯ ಪಕ್ಕಕ್ಕೆ ಬಿಟ್ಟ. ಬಗ್ಗಿ ಲಕ್ಷ್ಮಿಯ ಮೊದಲ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಭಕ್ತಿಯೇ ಇತ್ತು, ಹಾಳಾಗಲಿ. ಅವನ ಹಿಂದೆ ಬಟ್ಟೆ ಅಂಗಡಿಯವರು ಬಿಟ್ಟರು, ಬಳೆ ಅಂಗಡಿಯವರು ಬಿಟ್ಟರು, ಚಪ್ಪಲಿಗಳ ಸಾಲು ಬೆಳೆಯಿತು. ಸಾಹೇಬರು ಆಚೀಚೆ ನೋಡಿ, ಕೂತು, ತಮ್ಮ ಬೂಟಿನ ಲೇಸಿಗೆ ಕೈ ಹಾಕಿದರು. ದಾನೇಶ್ವರಿ ಒಬ್ಬಳೇ ಚಪ್ಪಲಿಯಲ್ಲಿ ನಿಂತಿದ್ದಳು.

ಮುಂದಿನದು ಬಹಳ ಬೇಗ ಆಯಿತು. ಇಂಥ ಪವಿತ್ರ ಚಿತ್ರಕ್ಕೆ ಅಪಚಾರ ಆಗಬಾರದು, ಸುತ್ತಲೂ ಸರಳು ಹಾಕಿಸೋಣ, ಖರ್ಚು ಅಂಗಡಿಕಾರರದೇ ಎಂದು ಗಿರಿಮಲ್ಲಪ್ಪ ಅಂದ. ಪಾದಗಳನ್ನು ಅಂಗಡಿಗಳ ಕಡೆ ತಿರುಗಿಸಲು ಮಾಸ್ತರು ಮನಸ್ಸು ಮಾಡಬೇಕೆಂದು ಯಾರೋ ಸೇರಿಸಿದರು. ಸರಳು ಬಂದ ಮೇಲೆ ಡ್ರಮ್ಮು ಬೇಕಾಗುವುದಿಲ್ಲ, ಬೆಂಚು ಬೇಕಾಗುವುದಿಲ್ಲ, ಸರಳಿನ ಹೊರಗೆ ಗಾಡಿ ನಿಲ್ಲಬಹುದು. ಸಾಹೇಬರಿಗೆ ಇದು ಎಲ್ಲ ರೀತಿಯಿಂದಲೂ ಸರಿಯೆನಿಸಿತು. ದಾನೇಶ್ವರಿ ಏನೋ ಹೇಳಲು ಬಾಯಿ ತೆರೆದು, ವಾಸುದೇವನ ಕಾಲುಗಳನ್ನು ನೋಡಿ, ಮುಚ್ಚಿದಳು. ಬಟ್ಟೆ ಅಂಗಡಿಯಿಂದ ಶಾಲು ಬಂತು. ಜನರೆಲ್ಲ ಚಪ್ಪಾಳೆ ತಟ್ಟುತ್ತಿರಲು ಗಿರಿಮಲ್ಲಪ್ಪ ಅದನ್ನು ಅವನಿಗೆ ಹೊದಿಸಿ, "ನಮ್ಮ ಕಣ್ಣ ತೆರಸಿದ್ರಿ, ಮಾಸ್ತರ್ರ" ಎಂದ. ಫೋಟೋದವನು ಈ ಸಲ ಅವನ ಹೆಸರನ್ನು ಕೇಳಿ ಸರಿಯಾಗಿ ಬರೆದುಕೊಂಡ.

ಬೆಂಚಿನ ಹತ್ತಿರ ಬಂದಾಗ ಕೃಷ್ಣಾಬಾಯಿ ಹಾಗೆಯೇ ಕೂತಿದ್ದಳು. "ನನಗ ಗೊತ್ತಾಗಲೇ ಇಲ್ಲ, ಕೃಷ್ಣಾ" ಎಂದ ಅವನು. ಅವಳು ಶೇವಂತಿಯ ಕಡೆ ನೋಡಿದಳು, ಚಪ್ಪಲಿಗಳ ಸಾಲು ನೋಡಿದಳು, ತನ್ನ ಬೂಟಿನ ಪಟ್ಟಿಯನ್ನು ನೋಡಿಕೊಂಡಳು. ಅದನ್ನು ಬಿಚ್ಚಿದರೆ ಅವಳಿಗೆ ನಿಲ್ಲಲಾಗುವುದಿಲ್ಲ. ಬಿಚ್ಚದಿದ್ದರೆ ಈ ಅಂಚು ದಾಟಲಾಗುವುದಿಲ್ಲ. ಬಯ್ಯಲಿ ಎಂದು ಅವನು ಕಾದ. ಅವಳು ವಾಕರಿನಿಂದ ಚೀಲ ತೆಗೆದು, ಮಡಿಕೆ ಬಿಡಿಸಿ, ಅವನ ಕೈಗೆ ಕೊಟ್ಟಳು.

"ಕತ್ತಲಾಗೋದ್ರಾಗ ತಗೊಂಬರ್ರಿ."

ಶಾಲು ಹೊದ್ದುಕೊಂಡೇ, ಬರಿಗಾಲಲ್ಲೇ ಮತ್ತೆ ಆ ತುದಿಗೆ ಹೋದ. ಶೇವಂತಿಯ ತಾಟಿನ ಮುಂದೆ ಕೂತು ಸಿವುಡುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ದಂಟು ಮುರಿದು ನೋಡಿದ, ಮೂಸಿ ನೋಡಿದ. ಎಳೆಯದು ಹೇಗಿರುತ್ತದೆಂದು ಅವಳು ಅವತ್ತು ಮೂಗಿನ ಹತ್ತಿರ ಹಿಡಿದಾಗ ಸರಿಯಾಗಿ ನೋಡಬೇಕಿತ್ತು. ಒಂದನ್ನು ಆರಿಸಿ ತಂದು ಹೆಂಡತಿಯ ಮಡಿಲಲ್ಲಿ ಇಟ್ಟ. ಅವಳು ಅದನ್ನು ಕೈಯಲ್ಲಿ ತಿರುಗಿಸಿದಳು. ಒಳಗಿನ ಹಳದಿ ಎಲೆಗಳನ್ನು ಅವನೂ ನೋಡಿದ, ಅವಳೂ ನೋಡಿದಳು.

"ಛಲೋ ಅದ" ಎಂದಳು ಕೃಷ್ಣಾಬಾಯಿ. "ಎಳೀದದ."